ರಿಸೀವರು ನಮಗೆ, ಸ್ಪೀಕರು ಅವರಿಗೆ

ಮನೆ ಪಾಲಾದ ದಿನ ನನ್ನ ಗಂಡ ಮಾಡಿದ ಆಯ್ಕೆಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ದೊಡ್ಡವನು ಪಾಲು ಮಾಡಿ ಇಡುತ್ತಾನೆ, ಚಿಕ್ಕವನು ಮೊದಲು ಆರಿಸಿಕೊಳ್ಳುತ್ತಾನೆ. ಹೀಗಿದ್ದರೆ ಯಾರೂ ಯಾರಿಗೂ ಮೋಸ ಮಾಡಲಾಗುವುದಿಲ್ಲ ಎಂಬುದು ಹಿರಿಯರ ಲೆಕ್ಕಾಚಾರ. ಹಿತ್ತಾಳೆ ಪಾತ್ರೆ, ಔಷಧಿ ಹೊಡೆಯುವ ಪಂಪು, ಹಸುಗಳು, ಮಂಚ ಎಲ್ಲವೂ ಹಾಗೇ ಸರಾಗವಾಗಿ ಹಂಚಿಹೋದವು. ಕೊನೆಗೆ ಉಳಿದದ್ದು ಹೋಮ್ ಥಿಯೇಟರು.

ಅದನ್ನು ಅಣ್ಣತಮ್ಮಂದಿರಿಬ್ಬರೂ ಸೇರಿ ತಂದಿದ್ದರು. ಕೆಲಮಂಗಲದ ಸುತ್ತಮುತ್ತ ಅಂಥದ್ದು ಯಾರ ಮನೆಯಲ್ಲೂ ಇಲ್ಲ ಎಂದು ಇಬ್ಬರೂ ಬೀಗಿದ್ದರು. ಈಗ ಅದು ಯಾರಿಗೆ? ಪಂಚಾಯಿತಿಗೆ ಕೂತಿದ್ದ ಇವರ ಸೋದರಮಾವ ಕುರ್ಚಿಯಲ್ಲಿ ಕೂತೇ ತೀರ್ಪು ಕೊಟ್ಟರು.

"ಒಬ್ಬುನ್ಗೆ ಕೊಟ್ರೆ ಇನ್ನೊಬ್ಬ ಮಕ ಊದಿಸ್ಕೊಂತಾನೆ. ಆ ಪೆಟ್ಗೇನ ಒಂದ್ಕಡೆ ಮಡಗ್ರಿ, ಆ ಸ್ಪೀಕರ್‌ಗಳೆಲ್ಲಾ ಒಂದ್ಕಡೆ ಮಡಗ್ರಿ. ಸಮ ಆಯ್ತು."

ಹಾಡನ್ನು ಸ್ಪೀಕರುಗಳಿಗೆ ಕಳಿಸುವ ರಿಸೀವರಿನ ಪೆಟ್ಟಿಗೆ ಭಾರವಾಗಿದೆ, ಸ್ಪೀಕರುಗಳು ಹಗುರ ಎಂದು ಯಾರೋ ಅಂದರು. ಅದಕ್ಕೆ ಸೋದರಮಾವ ರಿಮೋಟನ್ನು ಸ್ಪೀಕರುಗಳ ಗುಡ್ಡೆಗೆ ಸೇರಿಸಿ ತೂಕ ಸರಿಮಾಡಿದರು. ನಾನು ಬಾಗಿಲ ಮರೆಯಿಂದ ನನ್ನ ಗಂಡನಿಗೆ ಕಣ್ಣಲ್ಲೇ ಹೇಳಿದೆ, ಕೈಯಲ್ಲಿ ಹೇಳಿದೆ, ಸ್ಪೀಕರು ತಗೊಳ್ಳಿ, ಪೆಟ್ಟಿಗೆ ಬೇಡ ಎಂದು. ಇವರು ನನ್ನ ಕಡೆ ನೋಡಿದರೆ ತಾನೆ? ಮುಂದುಗಡೆ ನೀಲಿ ದೀಪ ಉರಿಯುವ ಪೆಟ್ಟಿಗೆಯನ್ನೇ, ಹಿಂದಿನ ವೈರುಗಳನ್ನೂ ಬಿಚ್ಚದೆ, ಎತ್ತಿ ಎದೆಗವಚಿಕೊಂಡರು. ನನ್ನ ಪಕ್ಕದಲ್ಲಿ ನಿಂತಿದ್ದ ಓರಗಿತ್ತಿ ಸೆರಗನ್ನು ಬಾಯಿಗಡ್ಡ ಇಟ್ಟುಕೊಂಡು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ. ಮನೆ ಒಡೆಯುತ್ತಿದೆ, ಹೊರಗೆ ಗಂಡಸರು ಮುಖ ಗಂಟಿಕ್ಕಿ ಕೂತಿದ್ದಾರೆ, ನಾವಿಬ್ಬರು ಒಳಗೆ ಗೋಡೆಗೆ ಮುಖ ಮಾಡಿಕೊಂಡು ನಗುತ್ತಿದ್ದೇವೆ. ಆಮೇಲೆ ನಾವು ಜೊತೆಗೆ ನಗಲಿಲ್ಲ.

ಜಗಳವಾಗಿದ್ದು ಬೋರ್‌ವೆಲ್ ನೀರಿನ ಸರದಿಗೆ, ಅದೂ ಗಂಡಸರ ನಡುವೆ. ನನಗೂ ಅವಳಿಗೂ ಒಂದು ಮಾತು ಬಂದಿರಲಿಲ್ಲ. ಆದರೆ ಹಜಾರದ ನಡುವೆ ಇಟ್ಟಿಗೆ ಗೋಡೆ ಎದ್ದ ಮೇಲೆ ಮಾತು ತಾನಾಗಿಯೇ ನಿಂತಿತು. ಪಾಲಾದ ಸಾಮಾನು ಮತ್ತೆ ಆ ಕಡೆ ಈ ಕಡೆ ಓಡಾಡಬಾರದು ಎಂದು ಆ ಸೋದರಮಾವ ಪಂಚಾಯಿತಿ ಮುಗಿಸಿ ಎದ್ದು ಹೋಗುವಾಗ ಹೇಳಿದ್ದರು. ಒಂದು ಜರಡಿ ಕೇಳಲು ಹೋದರೂ ಪಾಲು ಸರಿಯಾಗಲಿಲ್ಲ ಎಂದು ಹೇಳಿದ ಹಾಗಾಗುತ್ತದೆ. ಅವಳು ಕೇಳಲಿ ಎಂದು ನಾನು, ನಾನು ಕೇಳಲಿ ಎಂದು ಅವಳು ಸುಮ್ಮನಿದ್ದೆವು. ಒಂದು ಗೋಡೆಯ ಎರಡು ಕಡೆ ಇಬ್ಬರೂ ಬಿಗುಮಾನ ಬೆಳೆಸಿಕೊಂಡೆವು.

ಅವಳನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದುದು. ಅಕ್ಕನ ತವರು ಆಂಧ್ರದ ಗಡಿ ಕಡೆ, ಮನೆಮಾತು ತೆಲುಗು. ನನ್ನದು ಗುಮ್ಮಳಾಪುರದ ಕಡೆ, ಕನ್ನಡ. ಈ ಸೀಮೆ ತಮಿಳುನಾಡಿಗೆ ಸೇರಿದ್ದರಿಂದ ಇಬ್ಬರೂ ಓದಿದ್ದು ತಮಿಳು ಪಾಠ. ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಸರ್ಕ್ಯೂಟ್ ಬೋರ್ಡು ಪರೀಕ್ಷೆ ಮಾಡುವ ಕೆಲಸಕ್ಕೆ ಹೋಗುತ್ತೇನೆ, ಭಾನುವಾರ ರಜೆ. ಒಟ್ಟಿಗಿದ್ದಾಗ ಭಾನುವಾರ ಊಟವಾಗಿ ಗಂಡಸರು ತೋಟದ ಕಡೆ ಹೋದ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಹಾಡು ಕೇಳುತ್ತಿದ್ದೆವು. ಅದಕ್ಕಾಗಿಯೇ ಅಕ್ಕ ಹಟ ಹಿಡಿದು, ಹಜಾರದ ದೊಡ್ಡ ಸ್ಪೀಕರುಗಳ ಜೊತೆಗೆ ಅಡುಗೆಮನೆಯ ಗೋಡೆಗೂ ಎರಡು ಸಣ್ಣ ಸ್ಪೀಕರು ಹಾಕಿಸಿಕೊಂಡಿದ್ದಳು. ವೈರುಗಳನ್ನು ಗೋಡೆಯೊಳಗೆ ಪೈಪಿನಲ್ಲಿ ಎಳೆಸಿದ್ದರು. ಮೊದಲು ಅವಳ ತೆಲುಗು ಹಾಡು, ಆಮೇಲೆ ನನ್ನ ಕನ್ನಡದ್ದು, ಆಮೇಲೆ ಇಬ್ಬರಿಗೂ ಬಾಯಿಪಾಠವಾದ ತಮಿಳು ಸಿನಿಮಾ ಹಾಡುಗಳು. ನಡುವೆ ಅತ್ತೆ ಮಾವಂದಿರ ಮೇಲೆ, ಗಂಡಂದಿರ ಮೇಲೆ, ನನ್ನ ಫ್ಯಾಕ್ಟರಿಯ ಸೂಪರ್‌ವೈಸರ್ ಮೇಲೆ ಚಾಡಿ. ವಾರವೆಲ್ಲ ನಿಂತೇ ಕೆಲಸ ಮಾಡಿದ ಕಾಲಿಗೆ ಆ ಮಧ್ಯಾಹ್ನ ಬೇಕಿತ್ತು. ಪಾಲಿನಲ್ಲಿ ಅಡುಗೆಮನೆ ಅವರ ಕಡೆ ಹೋಯಿತು. ನಾವು ಹಿಂದಿನ ಕೊಟ್ಟಿಗೆಯ ಪಕ್ಕ ಹೊಸ ಒಲೆ ಹಾಕಿಕೊಂಡೆವು.

ಇಬ್ಬರಿಗೂ ಪೂರ್ತಿಯಾಗಿ ಸಿಕ್ಕಿದ್ದು ಹಾಡುಗಳು ಮಾತ್ರ. ಪೆನ್‌ಡ್ರೈವಿನಲ್ಲಿದ್ದ ಹಾಡುಗಳನ್ನು ಅದೇ ಸಾಲಿನಲ್ಲಿ ಇನ್ನೊಂದಕ್ಕೆ ಇಳಿಸಿ ಆ ಕಡೆಗೊಂದು ಈ ಕಡೆಗೊಂದು ಕೊಟ್ಟರು. ಹಾಡುಗಳಿದ್ದರೇನು ಬಂತು, ಹಾಡಿಸಲು ನಮ್ಮ ಹತ್ತಿರ ಸ್ಪೀಕರಿಲ್ಲ, ಅವರ ಹತ್ತಿರ ಪೆಟ್ಟಿಗೆಯಿಲ್ಲ. ನಮ್ಮ ರಿಸೀವರಿಗೆ ಆಯುಧಪೂಜೆಯಲ್ಲಿ ವಿಭೂತಿ ಬಳಿದು, ಕುಂಕುಮವಿಟ್ಟು, ಹೂವು ಮುಡಿಸಿ ಕೈಮುಗಿದದ್ದೇ ಬಂತು. ಅದರ ಮೇಲೆ ಇವರು ಮೊಬೈಲು ಚಾರ್ಜಿಗೆ ಇಡುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಹಾಲಿನ ಡೈರಿಯ ಮುಂದೆ ಒಬ್ಬಾಕೆ ನನ್ನನ್ನು ತಡೆದು ಕೇಳಿದಳು, "ಏನಮ್ಮೀ, ನಿಮ್ಮಕ್ಕನೋರು ಬಾಗಲೂರ್ಗೆ ಹೋಗ್ಬುಡ್ತಾರಂತೆ? ಮನೇನ ಫ್ಯಾಕ್ಟರಿ ಹುಡುಗ್ರಿಗೆ ಬಾಡ್ಗೆಗೆ ಬಿಡ್ತಾರಂತೆ?"

ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವಳಂತೆ "ಹೂಂ, ಹೋಗ್ಲಿ ಬಿಡಕ್ಕ" ಎಂದು ಹಾಲಿನ ಕ್ಯಾನು ತೆಗೆದುಕೊಂಡು ಬಂದೆ. ಭಾವ ಹೊಸೂರಿನಾಚೆ ಬಾಗಲೂರಿನ ಕಡೆ ಫ್ಯಾಕ್ಟರಿಗೆ ಹೋಗಿಬರುತ್ತಿದ್ದರು, ಅಲ್ಲಿ ಹೊಸ ಬಡಾವಣೆಗಳಾಗಿವೆ, ಹೋದರೆ ತಪ್ಪೇನಿಲ್ಲ. ಆದರೆ ಒಂದು ಮಾತು ನನಗೆ ಹೇಳಬಾರದೇ? ಗೋಡೆಯ ಆಚೆ ಇದ್ದಾಳೆ ಎಂಬ ಧೈರ್ಯಕ್ಕೇ ನಾನು ಇಷ್ಟು ದಿನ ಮಾತು ಬಿಟ್ಟಿದ್ದೆ. ಊರೇ ಬಿಟ್ಟು ಹೋದರೆ ಯಾರ ಮೇಲೆ ಮುನಿಸಿಕೊಳ್ಳಲಿ? ಹೋಗಬೇಡ ಎಂದು ಹೇಳಬೇಕೆಂದು ಹಿತ್ತಿಲಿಗೆ ಹೋದೆ. ಅಕ್ಕ ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದಳು. ನನ್ನನ್ನು ಕಂಡು ಇನ್ನೊಂದು ಸೀರೆಯನ್ನು ಅಗಲಕ್ಕೆ ಹರಡಿದಳು, ಮುಖ ಕಾಣದಂತೆ. ನನಗೂ ಸಿಟ್ಟು ಬಂತು. ನೀನಿಲ್ಲದಿದ್ದರೆ ನನಗೆ ಹಾಡು ಕೇಳಲು ಬರುವುದಿಲ್ಲವೇ ಎಂದು ತಿರುಗಿ ಬಂದೆ.

ರಿಸೀವರನ್ನು ಕಂಪ್ಯೂಟರಿಗೆ ಜೋಡಿಸುವ ಹುಚ್ಚು ಹತ್ತಿದ್ದು ಆಗ.

ನಮ್ಮ ಫ್ಯಾಕ್ಟರಿಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಬದಲಾಯಿಸಿದಾಗ ಒಂದು ನನಗೂ ಸಿಕ್ಕಿತ್ತು. ಹಾಡುಗಳನ್ನೆಲ್ಲ ಅದಕ್ಕೆ ತುಂಬಿಸಿದೆ. ನನ್ನ ಜೊತೆ ಕೆಲಸ ಮಾಡುವವಳ ಮನೆಯಲ್ಲಿ ಬಿದ್ದಿದ್ದ ಎರಡು ಸ್ಪೀಕರುಗಳನ್ನು ಕಂಪನಿ ವ್ಯಾನಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಇನ್ನೇನು, ಕಂಪ್ಯೂಟರಿನ ಸದ್ದು ರಿಸೀವರಿಗೆ ಬರಬೇಕು, ರಿಸೀವರಿನ ಸದ್ದು ಸ್ಪೀಕರಿಗೆ ಬರಬೇಕು. ದಿನಾ ಕೂದಲೆಳೆಯಂಥ ತಂತಿಗಳನ್ನು ನೋಡುವ ನನಗೆ ಇದು ಯಾವ ಮಹಾ ಕೆಲಸ ಎಂದುಕೊಂಡೆ.

ರಿಸೀವರಿನ ಹಿಂಭಾಗ ನೋಡಿದ ಮೇಲೆ ಆ ಜಂಬ ಇಳಿಯಿತು. ತೂತು, ತೂತು, ತೂತು. ಕೆಂಪು, ಬಿಳಿ, ಹಳದಿ, ಕರಿ. ಸೀಡಿಗೆ ಒಂದು, ಟೀವಿಗೆ ಒಂದು, ಟೇಪಿಗೆ ಎರಡು, ಯಾವುದಕ್ಕೋ ನಾಲ್ಕು. ಕಂಪ್ಯೂಟರ್ ಎಂದು ಬರೆದ ತೂತು ಮಾತ್ರ ಇಲ್ಲ. ಒಂದು ಮೂಲೆಯಲ್ಲಿ ಹಳೆಯ ಸ್ಪೀಕರು ವೈರುಗಳು ಹಾಗೇ ಸಿಕ್ಕಿಕೊಂಡಿದ್ದವು. ಇನ್ನೊಂದು ತುದಿ ಗೋಡೆಯೊಳಗಿನ ಪೈಪಿಗೆ ಹೋಗಿತ್ತು. ಬೇರೆ ಮೀಟರು ಹಾಕಿಸುವಾಗ ಗೋಡೆಯೊಳಗಿನ ವೈರುಗಳನ್ನೆಲ್ಲ ಕತ್ತರಿಸಿದ್ದಾರೆ ಎಂದು ನಾವು ನಂಬಿದ್ದೆವು. ಅದನ್ನು ಮುಟ್ಟದೆ, ಪಕ್ಕದಲ್ಲಿ ಖಾಲಿಯಿದ್ದ ತಿರುಪುಗಳಿಗೆ ಹೊಸ ಸ್ಪೀಕರುಗಳನ್ನು ಕಟ್ಟಿದೆ.

ಮೊದಲ ಭಾನುವಾರ ಕಂಪ್ಯೂಟರಿನ ಹಿಂದೆ ಬಗ್ಗಿ ವೈರು ಚುಚ್ಚಿದ್ದು ಗುಲಾಬಿ ಬಣ್ಣದ ತೂತಿಗೆ. ಅದು ಮೈಕಿನದಂತೆ. ಊಟವಾದ ಮೇಲೆ ಶುರುಮಾಡಿದವಳಿಗೆ ಅದು ಹಸಿರು ತೂತಿಗೆ ಹೋಗಬೇಕೆಂದು ತಿಳಿಯುವಷ್ಟರಲ್ಲಿ ಹಾಲು ಕರೆಯುವ ಹೊತ್ತಾಯಿತು. ಹಸಿರಿಗೆ ಚುಚ್ಚಿದೆ. ಹಾಡು ಹಾಕಿದೆ. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗೀಟುಗಳು ಕುಣಿದವು, ರಿಸೀವರಿನ ನೀಲಿ ದೀಪ ಉರಿಯಿತು, ಸ್ಪೀಕರುಗಳು ಮಾತ್ರ ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ಸದ್ದಿನ ತಿರುಗಣೆಯನ್ನು ಕೊನೆಯವರೆಗೂ ತಿರುಗಿಸಿದೆ. ಕಿವಿಯನ್ನು ಸ್ಪೀಕರಿಗೆ ಹಚ್ಚಿ ಕೂತೆ. ಒಂದು ಉಸಿರಿನ ಸದ್ದೂ ಇಲ್ಲ.

"ರಿಮೋಟ್ ಇದ್ದಿದ್ರೆ ಆಗ್ತಿತ್ತೇನೋ" ಎಂದರು ನನ್ನ ಗಂಡ, ಬಾಗಿಲಿಗೊರಗಿಕೊಂಡು.

"ರಿಮೋಟ್ ಯಾರ್ ಪಾಲ್ಗೆ ಬಿಟ್ಬಂದ್ರಿ? ಅವತ್ತು ಕಣ್ಣು ಎಲ್ಲಿಟ್ಟಿದ್ರಿ?" ಎಂದೆ. ಇವರು ಹಸುವಿಗೆ ನೀರು ತೋರಿಸುವ ನೆವ ಮಾಡಿಕೊಂಡು ಹೋದರು.

ಇಕ್ಕಳ ತರಲು ಹಿತ್ತಿಲಿಗೆ ಬಂದಾಗ ಅವರ ಅಡುಗೆಮನೆಯ ಕಿಟಕಿಯಿಂದ ಹಾಡು ಕೇಳಿಸಿತು. ತೆಲುಗು ಹಾಡು, ಅಕ್ಕನದು. ನಮ್ಮ ಸಾಲಿನ ಮೊದಲನೆಯದು. ನನಗೆ ನಿಂತಲ್ಲೇ ರಕ್ತ ತಲೆಗೇರಿತು. ಓಹೋ, ಭಾವ ಹೊಸ ಪೆಟ್ಟಿಗೆ ತಂದಿದ್ದಾರೆ. ಬಾಗಲೂರಿಗೆ ಹೋಗುವವರಿಗೆ ಎಲ್ಲ ಹೊಸದೇ ಆಗಬೇಕಲ್ಲ. ಭಾನುವಾರವೇ, ಅದೇ ಸಾಲಿನಲ್ಲಿ, ನನಗೆ ಕೇಳಿಸಲೆಂದೇ ಹಾಕಿದ್ದಾಳೆ!

ಊರುಗಳಲ್ಲಿ ಪಾಲಾದ ಮನೆಗಳ ನಡುವೆ ಜಗಳ ನಡೆಯುವುದೇ ಹೀಗೆ. ಯಾರೂ ಯಾರಿಗೂ ನೇರವಾಗಿ ಬೈಯುವುದಿಲ್ಲ. ಒಬ್ಬಳು ಪಾತ್ರೆಯನ್ನು ಕುಕ್ಕಿ ಇಡುತ್ತಾಳೆ, ಇನ್ನೊಬ್ಬಳು ಕೋಳಿಯನ್ನು ಬೈಯುತ್ತಾಳೆ. ಆಚೆ ಮನೆಯ ಸದ್ದೆಲ್ಲ ತನಗೇ ಹೇಳಿದ್ದು ಎಂದು ಎರಡೂ ಕಡೆಯವರಿಗೂ ಗೊತ್ತಿರುತ್ತದೆ. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ನಾನು ಕೊಟ್ಟಿಗೆಗೆ ಹೋಗಿ ಪಾಪದ ಹಸುವಿನ ಮುಂದೆ ನಿಂತು ದೊಡ್ಡ ದನಿಯಲ್ಲಿ ಶುರುಮಾಡಿದೆ.

"ಹೋಗು, ಹೋಗು! ಇಲ್ಲಿ ಹುಲ್ಲು ರುಚಿಸ್ತಿಲ್ವ ನಿಂಗೆ? ಊರ್ಬಿಟ್ಟು ಹೋಗ್ಬೇಕಾ? ಹಗ್ಗ ಬಿಚ್ತೀನಿ, ಹೋಗು! ಹೇಳ್ದೆ ಕೇಳ್ದೆ ಹೋಗೋರ್ಗೆ ಇಷ್ಟು ಮೆರೆದಾಟ ಯಾಕೆ?"

ಹಸು ನನ್ನನ್ನೇ ನೋಡಿತು. ಆಚೆಯಿಂದ ಕೋಳಿಗೆ ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ. ಹಾಡು ಮಾತ್ರ ಬರುತ್ತಲೇ ಇತ್ತು. ಅದು ಇನ್ನೂ ಹೆಚ್ಚಿನ ಅವಮಾನ ಎನಿಸಿತು. ಒಳಗೆ ಬಂದು ಕಂಪ್ಯೂಟರನ್ನು ಆರಿಸಿ ಮೂಲೆಗೆ ತಳ್ಳಿದೆ. ಆಮೇಲೆ ಹಿತ್ತಿಲಲ್ಲಿ ಹಾಡು ಇತ್ತೋ ಇಲ್ಲವೋ ಗಮನಿಸಲಿಲ್ಲ, ಸಿಟ್ಟಿನಲ್ಲಿ ಯಾರು ಗಮನಿಸುತ್ತಾರೆ.

ಮುಂದಿನ ವಾರ ಕೆಲಸ ಬಿಟ್ಟು ಬರುವಾಗ ಹೊಸೂರಿನ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಕಷ್ಟವನ್ನು ಪೂರ್ತಿ ಕೇಳುವ ಮೊದಲೇ "ಈಸಿ ಮೇಡಂ, ಸೊರುಗಿನಾ ಪೋದುಂ" ಎಂದ. ಚುಚ್ಚಿದರೆ ಸಾಕಂತೆ. ಹಳೇ ವೈರಿನಲ್ಲಿ ದೋಷವಿದೆ, ಇದರಲ್ಲಿ ಕರೆಂಟೇ ಇಲ್ಲ, ಬೆಳಕು ಹರಿಯುತ್ತದೆ, ಸದ್ದು ಕನ್ನಡಿಯ ಹಾಗೆ ಬರುತ್ತದೆ ಎಂದು ಬೇರೆ ಒಂದು ವೈರು ಕೊಟ್ಟ. ಭಾನುವಾರ ಅದನ್ನು ಚುಚ್ಚಲು ಹೋದರೆ ಅದು ತೂತಿಗೆ ಹೋಗುವುದೇ ಇಲ್ಲ. ಒತ್ತಿದೆ, ತಿರುಗಿಸಿದೆ, ಎಂಜಲು ಹಚ್ಚಿದೆ. ನನ್ನ ಗಂಡ ಬಂದು ಗಂಡಸಿನ ಬಲ ತೋರಿಸಿದರು, ಆಗಲೂ ಹೋಗಲಿಲ್ಲ. ಅದರ ಎರಡು ತುದಿಗೂ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಟೊಪ್ಪಿ ಇತ್ತು. ಅದನ್ನು ಕಳಚಬೇಕೆಂದು ಅಂಗಡಿಯವನೂ ಹೇಳಲಿಲ್ಲ, ಡಬ್ಬಿಯ ಮೇಲೂ ಬರೆದಿರಲಿಲ್ಲ. ಕಳಚಿದ ಮೇಲೆ ವೈರು ಹೋಯಿತು, ತುದಿಯಲ್ಲಿ ಕೆಂಪು ಬೆಳಕೂ ಕಂಡಿತು. ಸದ್ದು? ಇಲ್ಲ. ಕಂಪ್ಯೂಟರಿನೊಳಗೆ ಸದ್ದು ಯಾವ ದಾರಿಯಲ್ಲಿ ಹೊರಹೋಗಬೇಕು ಎಂದು ಕೇಳುವ ಒಂದು ಪಟ್ಟಿ ಇತ್ತು. ಅದರಲ್ಲಿದ್ದುದನ್ನೆಲ್ಲ ಒಂದೊಂದಾಗಿ ಒತ್ತಿದೆ. ಪರೀಕ್ಷೆಯ ಗುಂಡಿ ಒತ್ತಿದೆ. ಪರದೆಯ ಮೇಲೆ ಸ್ಪೀಕರಿನ ಚಿತ್ರ ಮಿನುಗಿತು, ನನ್ನ ನಿಜವಾದ ಸ್ಪೀಕರು ಸತ್ತ ಹಾಗೆ ಬಿದ್ದಿತ್ತು. ಫ್ಯಾಕ್ಟರಿಯಲ್ಲಿ ಕೆಟ್ಟ ಬೋರ್ಡು ಬಂದರೆ ಪಕ್ಕದ ತೊಟ್ಟಿಗೆ ಎಸೆಯುತ್ತೇವೆ. ಇದನ್ನು ಎಲ್ಲಿಗೆ ಎಸೆಯಲಿ?

ಹಿತ್ತಿಲಿಗೆ ಬಂದರೆ ಅದೇ ಕಥೆ. ಅವರ ಕಿಟಕಿಯಲ್ಲಿ ಹಾಡು. ಈ ಸಲ ಕನ್ನಡದ್ದು, ನನ್ನ ಹಾಡು. ನನ್ನ ಹಾಡನ್ನು ಹಾಕಿಕೊಂಡು ನನ್ನನ್ನೇ ಅಣಕಿಸುತ್ತಾಳಲ್ಲ ಎಂದು ಅಳು ಬಂತು. ಹಸುವಿಗೆ ಬೈಯುವ ಉತ್ಸಾಹವೂ ಉಳಿಯಲಿಲ್ಲ.

"ನಾನೇ ಹೋಗಿ ಅಣ್ಣನ ಕೇಳ್ಕೊಂಡು ಬರ್ಲಾ? ಯಂಗೆ ಹಾಕೌರೆ ಅಂತ?" ಎಂದರು ಇವರು. ಸದ್ಯ, ತಮ್ಮನಾದವರು ಇಷ್ಟಾದರೂ ಮಾತು ಆಡಲು ತಯಾರಾದರಲ್ಲ ಎಂದು ಸಂತೋಷಪಡಬೇಕಿತ್ತು. ನನಗೆ ಮೈ ಪರಚಿಕೊಳ್ಳುವಂತಾಯಿತು.

"ಬ್ಯಾಡ. ಅವ್ರು ಹೋಗ್ಲಿ. ಹೋದ್ಮ್ಯಾಕೆ ನೆಮ್ದಿಯಾಗಿ ಜೋಡುಸ್ತೀನಿ" ಎಂದೆ. ಬಾಯಲ್ಲಿ ಅಂದೆನೇ ಹೊರತು ಅವರು ಹೋಗುವ ಯೋಚನೆಗೇ ಊಟ ಸೇರುತ್ತಿರಲಿಲ್ಲ. ಆ ವಾರವೇ ಮೋಟರ್‌ಬೈಕಿನಲ್ಲಿ ಯಾರೋ ಹುಡುಗರು ಬಂದು ಅವರ ಬಾಗಿಲಲ್ಲಿ ನಿಂತಿದ್ದನ್ನು ನೋಡಿದೆ. ಬಾಡಿಗೆಗೆ ಮನೆ ನೋಡಲು ಬಂದವರೇ ಇರಬೇಕು. ವ್ಯಾನು ಹತ್ತಿದ ಮೇಲೂ ಅದೇ ಕಣ್ಣಿಗೆ ಕಟ್ಟುತ್ತಿತ್ತು. ಆ ಅಡುಗೆಮನೆಯಲ್ಲಿ ಯಾರೋ ಗುರುತಿಲ್ಲದವರು ಬನಿಯನ್ ಒಣಹಾಕುತ್ತಾರೆ.

ಆಮೇಲಿನ ಭಾನುವಾರಗಳನ್ನು ವಿವರಿಸಿದರೆ ಓದುವವರಿಗೂ ತಲೆನೋವು. ಬೆಳಕಿನ ವೈರು ತೆಗೆದು ಮತ್ತೆ ಹಳೆಯದನ್ನು ಹಾಕಿದೆ. ಸೀಡಿಯ ತೂತು ಬಿಟ್ಟು ಟೇಪಿನ ತೂತಿಗೆ ಬಂದೆ. ಸ್ಪೀಕರಿನ ವೈರನ್ನು ಹಲ್ಲಲ್ಲಿ ಕಚ್ಚಿ ಸುಲಿದು ಮತ್ತೆ ಕಟ್ಟಿದೆ. ಮೊಬೈಲಿನಲ್ಲಿ ಯಾರೋ ಒಬ್ಬ ಇಂಗ್ಲಿಷಿನಲ್ಲಿ, ಇನ್ನೊಬ್ಬ ತಮಿಳಿನಲ್ಲಿ ಇದನ್ನೆಲ್ಲ ಹೇಗೆ ಜೋಡಿಸಬೇಕೆಂದು ನಗುನಗುತ್ತ ತೋರಿಸುತ್ತಿದ್ದರು. ಅವರ ಪೆಟ್ಟಿಗೆಯೇ ಬೇರೆ, ನನ್ನ ಪೆಟ್ಟಿಗೆಯೇ ಬೇರೆ. ಪ್ರತಿ ಸಲವೂ ಅವರು ಕೊನೆಗೆ ಹೇಳುತ್ತಿದ್ದುದು ರಿಮೋಟಿನಲ್ಲಿ ಇಂಥ ಗುಂಡಿ ಒತ್ತಿ ಎಂದು. ರಿಮೋಟು ಗೋಡೆಯಾಚೆ ಯಾವ ಡಬ್ಬದಲ್ಲಿ ಕೊಳೆಯುತ್ತಿದೆಯೋ! ರಿಸೀವರಿನ ಮುಂದಿರುವ ಗುಂಡಿಗಳನ್ನೇ ಒತ್ತೋಣವೆಂದರೆ ಅಕ್ಷರಗಳೆಲ್ಲ ವಿಭೂತಿ ಕುಂಕುಮದಡಿ ಹೂತುಹೋಗಿದ್ದವು. ಪೂಜೆಯ ಕುಂಕುಮವನ್ನು ಉಗುರಿನಿಂದ ಕೆರೆದು ತೆಗೆಯಲು ನನಗೆ ಮನಸ್ಸು ಬರಲಿಲ್ಲ. ಮುಂದಿನ ಆಯುಧಪೂಜೆಗೆ ತೊಳೆದರಾಯಿತು ಎಂದು ಬಿಟ್ಟಿದ್ದೆ.

ಅವರೆಕಾಯಿ ಕಾಲ ಶುರುವಾಗಿ ಊರೆಲ್ಲ ಸೊಗಡು ತುಂಬಿದ್ದ ಒಂದು ಭಾನುವಾರ ಮತ್ತೆ ಕೂತಿದ್ದೆ. ಬೆಳಕಿಗೆಂದು ಹಿತ್ತಿಲ ಬಾಗಿಲು ತೆರೆದಿಟ್ಟಿದ್ದೆ. ಪರದೆಯ ಮೇಲೆ ಹಸಿರು ಗೀಟುಗಳು ಕುಣಿಯುತ್ತಿದ್ದವು, ಆಚೆಯಿಂದ ಹಾಡು ತೇಲಿ ಬರುತ್ತಿತ್ತು, ನಾನು ಹಲ್ಲು ಕಡಿಯುತ್ತಿದ್ದೆ. ಅಷ್ಟರಲ್ಲಿ ಫ್ಯಾಕ್ಟರಿಯಿಂದ ಫೋನು ಬಂತು, ಶಿಫ್ಟು ಬದಲಾಗಿದೆಯಂತೆ. ಮಾತಾಡುವಾಗ ಅಭ್ಯಾಸಬಲದಿಂದ ಕಂಪ್ಯೂಟರಿನ ಹಾಡನ್ನು ನಿಲ್ಲಿಸಿದೆ. ಕೇಳಿಸದ ಹಾಡನ್ನು ಯಾಕೆ ನಿಲ್ಲಿಸಬೇಕು? ಕೈ ತಾನಾಗಿಯೇ ಹೋಯಿತು. ಆಚೆಯ ಹಾಡೂ ನಿಂತಿತು.

ಫೋನಿಟ್ಟು ಮತ್ತೆ ಒತ್ತಿದೆ. ಆಚೆ ಹಾಡು ನಿಂತಲ್ಲಿಂದಲೇ, ಅರ್ಧ ಸಾಲಿನಿಂದಲೇ ಎದ್ದಿತು.

ನಿಲ್ಲಿಸಿದೆ. ನಿಂತಿತು. ಒತ್ತಿದೆ. ಹಾಡಿತು. ಸದ್ದಿನ ತಿರುಗಣೆಯನ್ನು ಇಳಿಸಿದೆ, ಆಚೆ ಇಳಿಯಿತು. ಏರಿಸಿದೆ, ಏರಿತು.

ನನ್ನ ಕಿರುಚಾಟಕ್ಕೆ ಇವರು ಓಡಿ ಬಂದರು. ಅಕ್ಕನ ಅಡುಗೆಮನೆಯ ಗೋಡೆಯಲ್ಲಿ ಆ ಎರಡು ಸಣ್ಣ ಸ್ಪೀಕರುಗಳು ಈಗಲೂ ಇದ್ದವು. ಪಾಲಿಗೆ ಬಂದ ಸಾಮಾನು ತಾನಿದ್ದಲ್ಲೇ ಇರಲಿ ಎಂದು ಯಾರೂ ಬಿಚ್ಚಿರಲಿಲ್ಲ, ಗೋಡೆಯೊಳಗಿನ ಆ ವೈರನ್ನು ಯಾರೂ ಕತ್ತರಿಸಿರಲಿಲ್ಲ. ಇವರು ಹೆಬ್ಬೆರಳಿಗೆ ಎಂಜಲು ಹಚ್ಚಿ ಹಿಂದೆಮುಂದೆ ನೋಡದೆ ಕುಂಕುಮವನ್ನು ಉಜ್ಜಿದರು. ಅಡಿಯಲ್ಲಿ ಎರಡು ಗುಂಡಿ, ಒಂದು ಎ, ಒಂದು ಬಿ. ಬಿ ಪಕ್ಕದಲ್ಲಿ ಸಣ್ಣ ದೀಪ ಉರಿಯುತ್ತಿತ್ತು. ಅಕ್ಕನ ಕಡೆ ಹೋಗುವ ಹಳೆಯ ವೈರು ಇದ್ದದ್ದು ಬಿ ತಿರುಪಿನಲ್ಲಿ, ಹೊಸ ಸ್ಪೀಕರುಗಳನ್ನು ನಾನು ಕಟ್ಟಿದ್ದು ಎ ತಿರುಪಿಗೆ.

"ಇದ ಒತ್ತುದ್ರೆ ನಮ್ಕಡೀಕ್ ಬತ್ತೈತೆ. ಒತ್ಲಾ?" ಎಂದರು.

"ಮುಟ್ಟಬ್ಯಾಡ್ರಿ!" ಎಂದೆ. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಸಿಟ್ಟೇ ಮುಂದಾಯಿತು. ವಾರಗಟ್ಟಲೆ ನಾನು ಇಲ್ಲಿ ವೈರು ಕಚ್ಚುತ್ತಿದ್ದರೆ ಅವಳು ಅಲ್ಲಿ ಕಾಲು ಚಾಚಿ ನನ್ನ ಹಾಡು ಕೇಳಿದ್ದಾಳೆ. ನಿಮ್ಮ ಸದ್ದು ನಮ್ಮ ಮನೆಯಲ್ಲಿ ಬರುತ್ತಿದೆ ಎಂದು ಒಂದು ಮಾತು ಹೇಳಬಾರದೇ? ಹಸುವಿಗೆ ಅಷ್ಟು ಬೈದೆ, ಆಗಲಾದರೂ ಹೇಳಬಾರದೇ? "ನಾನ್ ಬರೋಗಂಟ ಏನೂ ಮುಟ್ಟಬ್ಯಾಡ್ರಿ" ಎಂದು ಎರಡನೇ ಸಲ ಹೇಳಿ, ಗೋಡೆ ಎದ್ದ ಮೇಲೆ ಮೊದಲ ಸಲ ಅವರ ಹಿತ್ತಿಲ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಬೈಗುಳವೆಲ್ಲ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು.

ಅಕ್ಕ ಸ್ಪೀಕರುಗಳ ಕೆಳಗೆ ಗೋಡೆಗೊರಗಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ನನ್ನನ್ನು ನೋಡಿ ಬೆಚ್ಚಲೂ ಇಲ್ಲ, ಏಳಲೂ ಇಲ್ಲ. ಕಾಯುತ್ತಿದ್ದವಳಂತೆ ಸ್ವಲ್ಪ ಸರಿದು ಕೂತಳು.

"ಬಂದ್ಯಾ? ಕೂತ್ಕೊ. ಈ ಹಾಡು ಮುಗೀಲಿ."

ಅವಳು ನನ್ನ ಮುಖ ನೋಡದೆ ಕಾಳು ಹಿಸುಕುತ್ತಲೇ ಮಾತಾಡಿದಳು.

"ಮೊದ್ಲು ಗೋಡೆಯಾಗೆ ಕೊರ್ ಅಂದಾಗ ಎದ್ರಿಕೊಂಡ್ಬುಟ್ಟೆ ಕಣಮ್ಮಿ. ಆಮ್ಯಾಕೆ ನನ್ನ ಹಾಡು ಬಂತು. ನನ್ನ ಹಾಡೇ ಮೊದ್ಲು ಹಾಕ್ದೆ ನೋಡು, ಆವಾಗ ತಿಳೀತು. ಬಾಯ್ಬಿಟ್ಟು ಕರೆಯೋಕೆ ಇವ್ಳಿಗೆ ಬಿಗುಮಾನ, ಅದ್ಕೇ ಇಂಗೆ ಕರೀತವ್ಳೆ ಅಂದ್ಕೊಂಡೆ. ಕೊಟ್ಗೇಲಿ ಹಸೂಗೆ ಹೋಗು ಹೋಗು ಅಂತ ಬೈದ್ಯಲ್ಲ, ಅದೂ ಕೇಳುಸ್ತು. ಹಾಡು ಹಾಕ್ಕೊಂಡೇ ಬೈತಾವ್ಳೆ, ಹೋಗ್ಬ್ಯಾಡ ಅನ್ನೋದ್ನ ಇಂಗ್ ಹೇಳ್ತವ್ಳೆ ಅಂತ ನಕ್ಕೆ. ಬಾಡ್ಗೆ ಹುಡುಗ್ರು ಮನೆ ನೋಡಕ್ ಬಂದಿದ್ರು. ನಾನು ಬಾಗ್ಲೇ ತೆಗೀಲಿಲ್ಲ. ನಿಮ್ಮ ಭಾವ ಈಗ್ಲೂ ಮಾತ್ಬಿಟ್ಟವ್ರೆ. ಬಿಡ್ಲಿ. ಭಾನುವಾರ ಬಂದ್ರೆ ನೀನ್ ಹಾಕ್ತೀಯ, ನಾನು ಕೂತ್ಕೊಂತೀನಿ. ಬಾಗಲೂರಾಗೆ ನಂಗ್ಯಾರು ಹಾಕ್ತಾರೆ?"

ನಾನು ನಿಂತೇ ಇದ್ದೆ. ನಾಲಗೆಯ ತುದಿಯ ಬೈಗುಳವನ್ನು ಏನು ಮಾಡಲಿ ಎಂದು ತಿಳಿಯಲಿಲ್ಲ. ಇದು ಆಕಸ್ಮಿಕ, ನನಗೆ ಗೊತ್ತೇ ಇರಲಿಲ್ಲ ಎಂದು ಹೇಳಬೇಕೇ? ಹೇಳದೆ ಹೂಂ ಎಂದುಬಿಡಲೇ? ಹೂಂ ಎಂದೇ ಬಿಡುತ್ತಿದ್ದೆ.

ಅಷ್ಟರಲ್ಲಿ ಹಾಡು ನಡುವಿನಲ್ಲೇ ತುಂಡಾಯಿತು. ಅಕ್ಕನ ತಲೆಯ ಮೇಲಿನ ಸ್ಪೀಕರು ಸುಮ್ಮನಾಗಿ, ಗೋಡೆಯಾಚೆ ನಮ್ಮ ಹಜಾರದಿಂದ ಅದೇ ಹಾಡು ದಡದಡನೆ ಎದ್ದಿತು. ಅದರ ಮೇಲೆ ನನ್ನ ಗಂಡನ ಸಂಭ್ರಮದ ಕೂಗು.

"ಬಂತು ಕಣೇ! ನಮ್ಕಡೀಕೇ ಬಂತು! ಇಷ್ಟ್ ದಿನ ಸುಮ್ನೆ ಅವ್ರ ಮನೇಗ್ ಹೋಗ್ತಿತ್ತು ಕಣೇ!"

ಅಕ್ಕನ ಕೈ ನಿಂತಿತು. ತಲೆಯೆತ್ತಿ ಸ್ಪೀಕರು ನೋಡಿದಳು, ಆಮೇಲೆ ನನ್ನನ್ನು. ಅವಳ ಮುಖ ಹಾಗೆ ಸಣ್ಣಗಾದದ್ದನ್ನು ನಾನು ಪಾಲಿನ ದಿನವೂ ನೋಡಿರಲಿಲ್ಲ.

"ಅಂಗಾರೆ ನೀನು ನಂಗಂತ ಹಾಕ್ತಿರ್ಲಿಲ್ವಾ" ಎಂದಳು.

"ಇಲ್ಲ ಅಕ್ಕ" ಎಂದೆ. ಸುಳ್ಳು ಹೇಳಲು ಇವರು ಜಾಗವನ್ನೇ ಬಿಟ್ಟಿರಲಿಲ್ಲ. "ನಂಗೆ ಗೊತ್ತಿರ್ಲಿಲ್ಲ. ನನ್ ಮನೇಲಿ ಬರ್ಲಿ ಅಂತ ಒದ್ದಾಡ್ತಿದ್ದೆ. ಈಗ ಬೈಯೋಕೇ ಬಂದೆ."

ಅವಳು ಹಿಸುಕಿದ ಕಾಳಿನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಎದ್ದೇಳಲು ನೆಲಕ್ಕೆ ಕೈಯೂರಿದಳು. ಸಿಪ್ಪೆ ಎಸೆಯುವ ನೆವದಲ್ಲಿ ಹಿತ್ತಿಲಿಗೆ ಹೋಗುತ್ತಾಳೆ, ಆಮೇಲೆ ಬಾಗಿಲು ಹಾಕಿಕೊಳ್ಳುತ್ತಾಳೆ, ಆಮೇಲೆ ಬಾಗಲೂರು. ನನಗೆ ಅಷ್ಟೂ ಕಂಡಿತು. ಅವಳು ಏಳುವ ಮೊದಲೇ ನಾನು ಅವಳ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೆಳಗೆ ಕೂತೆ. ಬಟ್ಟಲಿಗೆ ಕೈಹಾಕಿ ಒಂದು ಹಿಡಿ ಅವರೆಕಾಳು ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಗಂಟಲು ಹರಿಯುವಂತೆ ಕೂಗಿದೆ.

"ಏನೂಂದ್ರೆ! ಅದ್ನ ಆರ್ಸಿ! ಮೊದ್ಲು ಯಂಗಿತ್ತೋ ಅಂಗೇ ಮಾಡಿ! ಅಕ್ಕನ್ ಕಡೀಕ್ ಹಾಕಿ!"

"ಯಾಕೇ? ಈಗಿನ್ನ ಬಂದೈತೆ!"

"ಹಾಕಿ ಅಂದ್ರೆ ಹಾಕಿ! ಅಕ್ಕ ಹೋಗ್ಬ್ಯಾಡ ಅಂತ ನಾನೇ ಹಾಕುಸ್ತಾ ಇವ್ನಿ ಅಂತ ತಿಳ್ಕೊಳ್ರಿ!"

ಅಕ್ಕ ನೆಲಕ್ಕೂರಿದ ಕೈಯನ್ನು ತೆಗೆಯಲಿಲ್ಲ, ಏಳಲೂ ಇಲ್ಲ. ಆಚೆ ಇವರು ಯಾವುದೋ ಗುಂಡಿ ಒತ್ತಿದರು. ಅಲ್ಲಿಯ ಹಾಡು ನಿಂತಿತು, ಇಲ್ಲಿ ಬರಲಿಲ್ಲ. ಇನ್ನೇನೋ ಒತ್ತಿದರು. ಎಲ್ಲೋ ಯಾವುದೋ ಸ್ಟೇಷನ್ನಿನ ಗೊರಗೊರ ಸದ್ದು ಬಂದು ಹೋಯಿತು. "ಎಲ್ಲಾ ಹೋಗ್ಬುಡ್ತಲ್ಲೇ! ಮೊದ್ಲು ಯಂಗಿತ್ತು ಅಂತ ನಂಗೇನ್ ಗೊತ್ತು!" ಎಂದು ಕೂಗಿದರು. ಎದ್ದುಹೋಗಿ ನಾನೇ ಆ ಬಿ ಗುಂಡಿಯನ್ನು ಒತ್ತಿದ್ದರೆ ಒಂದು ನಿಮಿಷದ ಕೆಲಸ. ಆದರೆ ನಾನು ಎದ್ದರೆ ಅಕ್ಕನೂ ಏಳುತ್ತಾಳೆ. ಅದಕ್ಕೆ ನಾನು ಅಲ್ಲೇ ಕೂತು ಒಂದೊಂದೇ ಕಾಳು ಹಿಸುಕುತ್ತ, ಅದಲ್ಲ, ಅದರ ಪಕ್ಕದ್ದು ಒತ್ತಿ ಎಂದು ಗೋಡೆಗೆ ಕೂಗುತ್ತಲೇ ಇದ್ದೆ.